ಕುಣಿಗಲ್ ಕೆರೆಯಲ್ಲಿ ಹಕ್ಕಿಗಳ ಪಂಕ್ತಿಭೋಜನ

ಕುಣಿಗಲ್ ದೊಡ್ಡಕೆರೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಜಾನಪದ ಗೀತೆ. ಹಾಡಿನಲ್ಲಿ ಕೇಳಿದ ಕೆರೆಯನ್ನು ಹಕ್ಕಿಗಳ ಸಮೇತ ನೋಡಬೇಕಾದರೆ ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಬೇಕು. ತುಮಕೂರಿನಿಂದ ಹೆಬ್ಬೂರು ಮಾರ್ಗವಾಗಿ ಸುಮಾರು ಒಂದು ಗಂಟೆಯ ದಾರಿ.

ಜನವರಿಯ ಒಂದು ಭಾನುವಾರ ಸ್ನೇಹಿತರೊಬ್ಬರೊಡನೆ ಹೋಗಿದ್ದೆ. ಅವರು ಗುಬ್ಬಿಯ ರೈತರು. ಊರಿನ ಹೆಸರಿನಲ್ಲೇ ಹಕ್ಕಿ ಇರುವಾಗ ತಮಗೆ ಬೈನಾಕ್ಯುಲರ್ ಏಕೆಂಬುದು ಅವರ ತಮಾಷೆ.

ಮಂಜು ಕರಗಿದಂತೆ ಹಕ್ಕಿಗಳು ಒಂದೊಂದಾಗಿ ಕಾಣತೊಡಗಿದವು. ದಡದ ಕೆಸರಿನಲ್ಲಿ ಟಿಟ್ಟಿಭ, ಗೇಣುದ್ದದ ನೀರಿನಲ್ಲಿ ಬೆಳ್ಳಕ್ಕಿ, ಅದರಾಚೆ ಬಣ್ಣದ ಕೊಕ್ಕರೆ, ಆಳದಲ್ಲಿ ನಾಮದ ಕೋಳಿ ಮತ್ತು ಗುಳುಮುಳುಕ. ಕಲ್ಲಿನ ಮೇಲೆ ನೀರುಕಾಗೆ ರೆಕ್ಕೆ ಹರಡಿ ಕುಳಿತಿತ್ತು. ಅದರ ಗರಿಗಳು ಬಾತಿನ ಗರಿಗಳಿಗಿಂತ ಬೇಗ ನೆನೆಯುತ್ತವೆ. ಮುಳುಗಿ ಮೀನು ಹಿಡಿಯಲು ಅದೇ ಅನುಕೂಲ, ಆಮೇಲೆ ಒಣಗಿಸಿಕೊಳ್ಳುವ ಕೆಲಸ ಮಾತ್ರ ತಪ್ಪದು. ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆತೆರೆದು ನೀರಿನಲ್ಲಿ ಆಡಿಸುತ್ತದೆ. ಮೀನು ತಗುಲಿದೊಡನೆ ಫಕ್ಕನೆ ಮುಚ್ಚುತ್ತದೆ. ಹೀಗೆ ಉಣ್ಣಲು ಅದಕ್ಕೆ ಆಳವಿಲ್ಲದ ನೀರೇ ಬೇಕು.

ಆದ್ದರಿಂದ ಕೆರೆಯ ಇಳಿಜಾರು ಅಂಚು ಹಕ್ಕಿಗಳ ಅಡುಗೆಮನೆ. ಹೂಳೆತ್ತುವಾಗ ಅಂಚನ್ನೂ ಕಡಿದು ಗೋಡೆಯಂತೆ ಮಾಡಿದರೆ ನೀರು ಹೆಚ್ಚು ನಿಲ್ಲುತ್ತದೆ, ಆದರೆ ಕೊಕ್ಕರೆ ನಿಲ್ಲುವುದಿಲ್ಲ.

ಸ್ನೇಹಿತರು ಒಪ್ಪಲಿಲ್ಲ. "ಮೇಷ್ಟ್ರೇ, ಕೆರೆ ತುಂಬಿದ್ರೆ ತಾನೇ ನಮ್ಮ ತೆಂಗು, ಅಡಿಕೆ ಉಳಿಯೋದು?"

"ನಡುವೆ ಎಷ್ಟು ಬೇಕಾದರೂ ಹೂಳೆತ್ತಲಿ, ನೀರು ಬರುವ ಕಡೆಯ ಇಳಿಜಾರು ಮಾತ್ರ ಹಾಗೇ ಇರಲಿ" ಎಂದೆ.

"ಬೇಸಿಗೇಲಿ ಅದು ಒಣಗುತ್ತೆ. ಒಣಗಿದ ಕೂಡಲೇ ನೇಗಿಲು ಇಡೋರಿದಾರೆ. ತಡೆಯೋರು ಯಾರು?"

ಆ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ಆದರೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆಯಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಕಾಯುವವರು ಊರಿನ ಜನರೇ. ಗೂಡಿಗೆ ಮರ ಕೊಟ್ಟವರಿದ್ದಾರೆ. ಮರಿಗಳಿಗೆ ಮೀನು ಸಿಗಲು ಸುತ್ತಲ ಕೆರೆಗಳ ಅಂಚೂ ಉಳಿಯಬೇಕಲ್ಲವೇ?

ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ತಿಂಗಳಿಗೊಂದು ಭಾನುವಾರ ತಂದೆತಾಯಿಯರೊಡನೆ ಹತ್ತಿರದ ಕೆರೆಗೆ ಹೋಗಿ, ಯಾವ ಹಕ್ಕಿ ಎಷ್ಟಿವೆ, ಎಷ್ಟು ಆಳದ ನೀರಿನಲ್ಲಿವೆ, ಅಂಚು ಎಲ್ಲಿಯವರೆಗಿದೆ ಎಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ದಡದಿಂದ ದೂರವೇ ನಿಲ್ಲಿ, ಗದ್ದಲ ಬೇಡ. ಮುಂದೆ ಯಾರಾದರೂ "ಇಲ್ಲಿ ಕೆರೆ ಇತ್ತೇ?" ಎಂದು ಕೇಳಿದಾಗ ಆ ಪುಸ್ತಕವೇ ಸಾಕ್ಷಿ.