ಒಂದು ಹೆಸರಿಗೆ ನಾಲ್ಕು ಲೆಕ್ಕ

ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಮಾತು ಬಂದಲ್ಲೆಲ್ಲ ಈಗ ಕಂಪ್ಯೂಟರಿನ ಮಾತೂ ಬರುತ್ತದೆ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದ ಹುಡುಗಿಯರಿಗೆ ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಈ ವಿದ್ಯೆ ಹತ್ತೀತೇ ಎಂದು ತಂದೆತಾಯಿಗಳು ನಮ್ಮನ್ನು ಕೇಳುವುದುಂಟು. ಅನೇಕ ವರ್ಷಗಳ ಕಾಲ ಇದೇ ಕೆಲಸದಿಂದ ಜೀವನವನ್ನು ನಡೆಸಿದವರಾದುದರಿಂದ, ನಮ್ಮ ಕುಟುಂಬದಲ್ಲಿಯೇ ನಡೆದ ಒಂದು ಸಂಗತಿಯ ಮೂಲಕ ಈ ಪ್ರಶ್ನೆಗೆ ಉತ್ತರವನ್ನು ಹೇಳಬಯಸುತ್ತೇವೆ.

ನಮ್ಮ ತಂಗಿಯನ್ನು ಕೊಟ್ಟಿರುವುದು ನೆಮ್ಮಾರಿಗೆ. ಅದು ಶೃಂಗೇರಿ ತಾಲ್ಲೂಕಿನಲ್ಲಿ ತುಂಗೆಯ ಮಗ್ಗುಲಲ್ಲಿರುವ ಗ್ರಾಮ. ಅವರ ಮನೆಗೆ ಸಣ್ಣದೊಂದು ಅಡಿಕೆಯ ತೋಟವೇ ಆಧಾರ. ತಂಗಿಯ ಮಗಳು ಕನ್ನಡ ಶಾಲೆಯಲ್ಲಿ ಓದಿ, ನಗರದ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ಶಿಕ್ಷಣಕ್ಕೆ ಸೇರಿದಳು. ಮೊದಲನೆಯ ರಜೆಗೆ ಊರಿಗೆ ಬಂದವಳು ಮರಳಿ ಹೋಗುವುದಿಲ್ಲವೆಂದು ಕುಳಿತಳು. ಮೊದಲು ಇಂಗ್ಲಿಷ್ ಕಲಿತು ಬರಬೇಕೆಂದು ತರಗತಿಯಲ್ಲಿ ಎಲ್ಲರೆದುರಿಗೆ ಆಕೆಗೆ ಹೇಳಿದ್ದರಂತೆ. "ದೊಡ್ಡಮ್ಮಾ, ಅದು ಇಂಗ್ಲಿಷ್ ಬಲ್ಲವರ ವಿದ್ಯೆ, ನನ್ನಂಥವಳಿಗಲ್ಲ" ಎಂದಳು. ಮುಂದಿನ ಕಂತಿನ ಶುಲ್ಕವನ್ನು ಕಟ್ಟುವುದೋ ಬೇಡವೋ ಎಂದು ಆಕೆಯ ತಂದೆ ಯೋಚಿಸುತ್ತಿದ್ದರು. ಅದನ್ನು ಕಟ್ಟದಿದ್ದರೆ ಆಕೆಯ ಓದು ಅಲ್ಲಿಗೇ ನಿಲ್ಲುತ್ತಿತ್ತು.

ನಾವು ಅಲ್ಲಿ ಒಂದು ವಾರ ಉಳಿದೆವು. ಆಷಾಢದ ಮಳೆಗೆ ವಿದ್ಯುತ್ತು ಬಂದು ಬಂದು ಹೋಗುತ್ತಿದ್ದುದರಿಂದ ಹೆಚ್ಚಿನ ಪಾಠವು ಕಾಗದದ ಮೇಲೆಯೇ ನಡೆಯಿತು. ಅಡಿಕೆಯ ಚೀಲಕ್ಕೆ ಬೆಟ್ಟೆ, ರಾಶಿ, ಗೊರಬಲು ಎಂದು ಚೀಟಿ ಅಂಟಿಸಿ ಇಡುವಂತೆ, ಒಂದು ಬೆಲೆಗೆ ಹೆಸರಿಟ್ಟು ನೆನಪಿನಲ್ಲಿಡುವುದು ಮೊದಲನೆಯ ಪಾಠ; ಇದನ್ನು ವೇರಿಯಬಲ್ ಎನ್ನುತ್ತಾರೆ. ಅಡಿಕೆ ಒಣಗಿದ್ದರೆ ಚೀಲಕ್ಕೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ ಎಂಬ ನಿರ್ಣಯವು ಎರಡನೆಯದು, ಅದು ಷರತ್ತು. ರಾಶಿ ಮುಗಿಯುವ ತನಕ ಇದೇ ನಿರ್ಣಯವನ್ನು ಒಂದೊಂದು ಅಡಿಕೆಗೂ ಮಾಡುತ್ತ ಹೋಗುವುದು ಮೂರನೆಯದು; ಅದು ಲೂಪ್, ಅಂದರೆ ಆವೃತ್ತಿ. ಈ ಕೆಲಸವನ್ನೆಲ್ಲ ಕೂಡಿಸಿ "ಅಡಿಕೆ ಹೆಕ್ಕು" ಎಂದು ಒಂದೇ ಹೆಸರಿನಿಂದ ಕರೆದರೆ ಅದೇ ಫಂಕ್ಷನ್. ಸಿ, ಪೈಥಾನ್, ಜಾವಾಸ್ಕ್ರಿಪ್ಟ್ ಮುಂತಾದ ಭಾಷೆಗಳಲ್ಲಿ ಬರೆಯುವ ರೀತಿ ಬೇರೆಯಾದರೂ ಈ ನಾಲ್ಕು ಸಂಗತಿಗಳು ಎಲ್ಲದರಲ್ಲಿಯೂ ಇವೆ. ಇವುಗಳನ್ನು ಹುಡುಗಿ ಒಂದೇ ಸಂಜೆಯಲ್ಲಿ ಗ್ರಹಿಸಿದಳು.

ಇನ್ನು ಕೆಲವು ಫಂಕ್ಷನ್ನುಗಳನ್ನು ನಾವು ಬರೆಯಬೇಕಾಗಿಲ್ಲ. ಭಾಷೆಯನ್ನು ರಚಿಸಿದವರೇ ಬರೆದು ಅದರೊಡನೆ ಕೊಟ್ಟಿರುತ್ತಾರೆ. ಪರದೆಯ ಮೇಲೆ ತೋರಿಸಲು ಪೈಥಾನಿನಲ್ಲಿ ಪ್ರಿಂಟ್, ಮೊತ್ತಕ್ಕೆ ಸಮ್, ಹೆಚ್ಚಿನದನ್ನು ಆರಿಸಲು ಮ್ಯಾಕ್ಸ್, ಉದ್ದವನ್ನು ಅಳೆಯಲು ಲೆನ್ ಇವೆ. ಸಿ ಭಾಷೆಯೊಡನೆ ಬರುವ ಗ್ರಂಥಾಲಯದಲ್ಲಿ ತೋರಿಸಲು ಪ್ರಿಂಟ್‌ಎಫ್, ಅಳೆಯಲು ಸ್ಟ್ರ್‌ಲೆನ್ ಇವೆ. ಕಲಿಯುವವರಿಗೆ ಇವು ದೊಡ್ಡ ಉಪಕಾರ. ಆದರೆ ತೊಡಕು ಹುಟ್ಟುವುದೂ ಇಲ್ಲಿಯೇ. ಸಿದ್ಧವಾಗಿ ದೊರೆತುದನ್ನು ಯಾರೂ ಪ್ರಶ್ನಿಸುವುದಿಲ್ಲವಷ್ಟೆ.

ಹುಡುಗಿಗೆ ತನ್ನ ಊರಿನ ಹೆಸರನ್ನೇ ಅಳೆಯುವಂತೆ ಹೇಳಿದೆವು. "ನೆಮ್ಮಾರ್" ಎಂಬುದರಲ್ಲಿ ಎಷ್ಟು ಅಕ್ಷರಗಳೆಂದು ಕೇಳಿದಾಗ ಆಕೆ ಬೆರಳು ಮಡಿಸಿ ನೆ, ಮ್ಮಾ, ರ್ ಎಂದು ಮೂರು ಎಂದಳು. ಪೈಥಾನಿನ ಲೆನ್ ಎಂಟು ಎಂದಿತು. ಜಾವಾಸ್ಕ್ರಿಪ್ಟೂ ಎಂಟೇ ಎಂದಿತು. ಸಿ ಭಾಷೆಯ ಸ್ಟ್ರ್‌ಲೆನ್ ಇಪ್ಪತ್ತನಾಲ್ಕು ಎಂದಿತು. ಹುಡುಗಿಯ ಮುಖ ಬಾಡಿತು. ತಾನೇ ಏನೋ ತಪ್ಪಿದೆನೆಂದು ಮೂರು ಸಲ ಬರೆದು ನೋಡಿದಳು. ಯಂತ್ರವು ಸರಿ, ತನ್ನ ಬೆರಳು ತಪ್ಪು ಎಂಬ ನಂಬಿಕೆ ಆ ತರಗತಿಯಿಂದಲೇ ಬಂದಿತ್ತು.

ಆದರೆ ಇಲ್ಲಿ ಯಾರ ಲೆಕ್ಕವೂ ತಪ್ಪಲ್ಲ. ಜಗತ್ತಿನ ಲಿಪಿಗಳಿಗೆಲ್ಲ ಅಂಕಿಗಳನ್ನು ಗೊತ್ತುಮಾಡುವ ಯೂನಿಕೋಡ್ ಎಂಬ ಏರ್ಪಾಡಿನ ಮೊದಲನೆಯ ಆವೃತ್ತಿ 1991ರಲ್ಲಿ ಹೊರಬಂದಿತು. ಕನ್ನಡಕ್ಕೆ ಅದರಲ್ಲಿಯೇ ಸ್ಥಾನ ದೊರೆಯಿತು. ಅಲ್ಲಿ ವ್ಯಂಜನಕ್ಕೊಂದು ಸಂಕೇತ, ಸ್ವರದ ಗುಣಿತಚಿಹ್ನೆಗೊಂದು, ಹಲಂತದ ಚಿಹ್ನೆಗೊಂದು. ಆದಕಾರಣ ನೆ ಎಂಬುದು ಎರಡು, ಮ್ಮಾ ಎಂಬುದು ನಾಲ್ಕು, ರ್ ಎಂಬುದು ಎರಡು, ಒಟ್ಟು ಎಂಟು. ಪೈಥಾನ್ ಎಣಿಸುವುದು ಈ ಸಂಕೇತಗಳನ್ನು. ಡೆನ್ನಿಸ್ ರಿಚಿಯವರು ಸಿ ಭಾಷೆಯನ್ನು ರಚಿಸಿದ್ದು 1972ರ ಸುಮಾರಿಗೆ, ಯೂನಿಕೋಡ್ ಹುಟ್ಟುವುದಕ್ಕೆ ಮುಂಚೆ. ಅದರ ಫಂಕ್ಷನ್ ಎಣಿಸುವುದು ಸ್ಮೃತಿಯಲ್ಲಿ ಹಿಡಿಯುವ ಸ್ಥಳವನ್ನು, ಅಂದರೆ ಬೈಟುಗಳನ್ನು. ಈಗ ಬಳಕೆಯಲ್ಲಿರುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಎಂಟು ಮೂರಲೆ ಇಪ್ಪತ್ತನಾಲ್ಕು.

ನಮ್ಮ ಹಿರಿಯರಿಗೆ ಇದು ಹೊಸ ಸಂಗತಿಯಾಗಿ ತೋರದು. ಕೊಳಗದಿಂದ ಧಾನ್ಯವನ್ನು ಅಳೆಯುತ್ತಿದ್ದ ಕಾಲದಲ್ಲಿ ಒಂದು ಸೀಮೆಯ ಕೊಳಗ ಇನ್ನೊಂದು ಸೀಮೆಯದಕ್ಕೆ ಸರಿಹೋಗುತ್ತಿರಲಿಲ್ಲ. ಹತ್ತು ಕೊಳಗ ಎಂದರೆ ಯಾವ ಊರಿನ ಕೊಳಗ ಎಂದು ಕೇಳದೆ ಬುದ್ಧಿವಂತರು ವ್ಯಾಪಾರ ಮಾಡುತ್ತಿರಲಿಲ್ಲ. ಪ್ರೋಗ್ರಾಮಿಂಗ್ ಭಾಷೆಗಳೂ ಹೀಗೆಯೇ, ಒಂದೊಂದೂ ತನ್ನ ಕೊಳಗವನ್ನು ತಂದಿರುತ್ತದೆ. ಮತ್ತೊಂದು ನಿದರ್ಶನವನ್ನು ಹೇಳುವುದಾದರೆ, 9, 65, 100 ಕಿಲೋ ತೂಕದ ಮೂರು ಚೀಲಗಳನ್ನು ಕ್ರಮವಾಗಿಡು ಎಂದರೆ ಪೈಥಾನಿನ ಸಾರ್ಟೆಡ್ 9, 65, 100 ಎಂದೇ ಕೊಡುತ್ತದೆ. ಜಾವಾಸ್ಕ್ರಿಪ್ಟಿನ ಸಾರ್ಟ್, ಬೇರೆ ಸೂಚನೆ ಕೊಡದಿದ್ದರೆ, 100, 65, 9 ಎಂದು ಇಡುತ್ತದೆ. ಅದು ಅಂಕಿಗಳನ್ನು ಪದಗಳೆಂದು ಭಾವಿಸಿ ನಿಘಂಟಿನಂತೆ ಮೊದಲ ಗುರುತಿನಿಂದ ಹೋಲಿಸುತ್ತದೆ. ಒಂದು ಆರಕ್ಕೂ ಒಂಬತ್ತಕ್ಕೂ ಹಿಂದಿನದಲ್ಲವೇ?

ಇದನ್ನು ತಿಳಿದ ಮೇಲೆ ಹುಡುಗಿ ತನ್ನದೇ ಫಂಕ್ಷನ್ ಒಂದನ್ನು ಬರೆದಳು. ಲೆಕ್ಕವನ್ನು ಸೊನ್ನೆಯಿಂದ ಆರಂಭಿಸು, ಒಂದೊಂದೇ ಸಂಕೇತವನ್ನು ನೋಡು, ಅದು ಸ್ವರವೋ ವ್ಯಂಜನವೋ ಆಗಿದ್ದು ಅದರ ಹಿಂದೆ ಹಲಂತದ ಚಿಹ್ನೆ ಇಲ್ಲದಿದ್ದರೆ ಒಂದನ್ನು ಕೂಡಿಸು, ಉಳಿದುದನ್ನು ಬಿಡು. ಇಷ್ಟೇ ಅದರ ಸಾರ. ವೇರಿಯಬಲ್, ಆವೃತ್ತಿ, ಷರತ್ತು ಮೂರೂ ಅದರಲ್ಲಿದ್ದವು. ಪೈಥಾನಿನಲ್ಲಿ ಹೆಸರುಗಳನ್ನು ಕನ್ನಡದಲ್ಲಿಯೂ ಇಡಬಹುದಾದುದರಿಂದ ಫಂಕ್ಷನ್ನಿಗೆ "ಎಣಿಸು" ಎಂದೇ ಹೆಸರಿಟ್ಟಳು. ನೆಮ್ಮಾರಿಗೆ ಮೂರು, ಶೃಂಗೇರಿಗೆ ಮೂರು, ಕೊಪ್ಪಕ್ಕೆ ಎರಡು ಎಂದು ಉತ್ತರ ಬಂದಿತು. ಇಂಗ್ಲಿಷಿನಲ್ಲಿ ಮಾತ್ರ ಓದಿಬರೆಯುವವನಿಗೆ ಈ ಫಂಕ್ಷನ್ ಬೇಕೆಂದೇ ಹೊಳೆಯಲಾರದು. ಅವನ ಅಕ್ಷರಕ್ಕೂ ಸಂಕೇತಕ್ಕೂ ಬೈಟಿಗೂ ಲೆಕ್ಕ ಒಂದೇ. ಒತ್ತಕ್ಷರವನ್ನು ಬರೆದು ಕಲಿತ ಕೈಗೆ ಇಲ್ಲಿ ಒಂದು ಮೆಟ್ಟಿಲು ಹೆಚ್ಚಾಗಿಯೇ ಇದೆ.

ಗಮಕದ ಅಭ್ಯಾಸವುಳ್ಳ ಅವಳ ಅಜ್ಜ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದರು. "ಮೂರು ಹೇಗಾದೀತು ಮಗೂ? ಛಂದಸ್ಸಿಗೆ ಎರಡೇ. ಒತ್ತಿನ ಹಿಂದಿನ ನೆ ಒಂದು ಗುರು, ಮ್ಮಾರ್ ಮತ್ತೊಂದು ಗುರು; ಸ್ವರವಿಲ್ಲದ ರಕಾರಕ್ಕೆ ಪ್ರತ್ಯೇಕ ಲೆಕ್ಕವೆಲ್ಲಿದೆ?" ಎಂದರು. ಹುಡುಗಿ ನಕ್ಕುಬಿಟ್ಟಳು. ಬಂದ ದಿನದಿಂದ ಆಕೆ ನಕ್ಕುದನ್ನು ನಾವು ಕಂಡಿರಲಿಲ್ಲ. "ಅಜ್ಜಾ, ನಿಮಗೆ ಬೇರೆ ಫಂಕ್ಷನ್ ಬರೆಯುತ್ತೇನೆ" ಎಂದಳು. ಇಪ್ಪತ್ತನಾಲ್ಕು, ಎಂಟು, ಮೂರು, ಎರಡು ಎಂದು ಒಂದೇ ಹೆಸರಿಗೆ ನಾಲ್ಕು ಲೆಕ್ಕಗಳು ಬಂದವು. ಏನನ್ನು ಎಣಿಸಿದೆಯೆಂದು ಹೇಳಿದೊಡನೆ ನಾಲ್ಕೂ ಸರಿಯಾದವು.

ನಮ್ಮ ಶಾಲೆಯ ಗಣಿತದ ತರಗತಿಯಲ್ಲಿ ಉತ್ತರ ಹದಿನೈದು ಎಂದು ಬರೆದು ಬಿಟ್ಟರೆ ಅಂಕ ಸಿಗುತ್ತಿರಲಿಲ್ಲವೆಂಬುದು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಹದಿನೈದು ಏನು? ಗಜವೋ, ಸೇರೋ, ರೂಪಾಯಿಯೋ? ಮಾನವನ್ನು ಬರೆಯದ ಉತ್ತರವು ಉತ್ತರವೇ ಅಲ್ಲವೆಂದು ಕಲಿತೆವು. ಆ ದಿನಗಳಲ್ಲಿ ಇದು ಕಾಠಿಣ್ಯವೆಂದು ತೋರಿದರೂ, ಮುಂದೆ ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಪಾಠ ಮತ್ತೊಂದಿಲ್ಲ.

ಈ ವಿದ್ಯೆ ಗಂಡಸರದೆಂದು ತಿಳಿದ ಪೋಷಕರಿಗೆ ಒಂದು ಮಾತು. ಏಡಾ ಲವ್‌ಲೇಸ್ ಎಂಬ ಮಹಿಳೆ 1843ರಲ್ಲಿಯೇ, ಇನ್ನೂ ನಿರ್ಮಾಣವಾಗದಿದ್ದ ಯಂತ್ರವೊಂದು ಲೆಕ್ಕಮಾಡಬೇಕಾದ ಕ್ರಮವನ್ನು ಬರೆದು ಪ್ರಕಟಿಸಿದ್ದಳು. 1946ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರಕ್ಕೆ ಲೆಕ್ಕದ ಕ್ರಮಗಳನ್ನು ಅಳವಡಿಸಿದವರು ಆರು ಮಂದಿ ಸ್ತ್ರೀಯರು.

ನೆಮ್ಮಾರಿನ ಹುಡುಗಿಯ ಶುಲ್ಕವನ್ನು ಆಕೆಯ ತಂದೆ ಕಟ್ಟಿದರು; ಆಕೆ ಮರಳಿ ಹೋದಳು. ಇಂಗ್ಲಿಷ್ ಆಕೆಗೆ ಇನ್ನೂ ತೊಡಕೇ. ಅದನ್ನು ಕಲಿಯದೆ ವಿಧಿಯಿಲ್ಲವೆಂದು ನಾವೂ ಹೇಳಿದ್ದೇವೆ, ಆಕೆಯೂ ಕಲಿಯುತ್ತಿದ್ದಾಳೆ. ಆದರೆ ಭಾಷೆಯ ತೊಡಕನ್ನು ಬುದ್ಧಿಯ ಕೊರತೆಯೆಂದು ಈಗ ಆಕೆ ಎಣಿಸುವುದಿಲ್ಲ. ಆದುದರಿಂದ ಪೋಷಕರೇ, ನಿಮ್ಮ ಮಗಳು ಕಂಪ್ಯೂಟರಿನ ಮುಂದೆ ಕುಳಿತು ಒಂದು ಉತ್ತರವನ್ನು ತೋರಿಸಿದಾಗ, ನಿಮಗೆ ಆ ಭಾಷೆ ಬಾರದಿದ್ದರೂ ಚಿಂತೆಯಿಲ್ಲ. ಇದು ಏನನ್ನು ಎಣಿಸಿತು ಮಗಳೇ ಎಂದು ಕೇಳಿರಿ. ಅದಕ್ಕೆ ಉತ್ತರ ಹುಡುಕುತ್ತ ಹೋದಂತೆ ಆಕೆಗೆ ವಿದ್ಯೆ ತಾನಾಗಿ ಒಲಿಯುತ್ತದೆ.