ಅಳಿಲು ಕಂಡು ಫೇಲಾದವನು

ನ್ಯೂಜೆರ್ಸಿಯ ಪಾರ್ಸಿಪನಿಯಲ್ಲಿ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ನಮ್ಮ ದೇಶದ ಸಾಫ್ಟ್‌ವೇರ್ ಮಂದಿ ಸಿಗುತ್ತಾರೆ. ನಾವೂ ಅವರಲ್ಲೊಬ್ಬರು. ಇಲ್ಲಿಂದ ಕಾರಿನಲ್ಲಿ ಕಾಲು ಗಂಟೆ ಹೋದರೆ ಮೋರಿಸ್‌ಟೌನ್. ಜಾರ್ಜ್ ವಾಷಿಂಗ್ಟನ್‌ನ ಸೇನೆ 1779-80ರ ಭೀಕರ ಚಳಿಗಾಲ ಕಳೆದದ್ದು ಇಲ್ಲೇ ಅಂತ ಪ್ರವಾಸಿಗರು ಬರುತ್ತಾರೆ. ನನಗೆ ಮಾತ್ರ ಇದು ನಾಯಿಗಳು ಪರೀಕ್ಷೆಗೆ ಕೂರುವ ಊರು.

ಅಂಧರಿಗೆ ದಾರಿ ತೋರುವ ನಾಯಿಗಳನ್ನು ತಯಾರು ಮಾಡುವ 'ದಿ ಸೀಯಿಂಗ್ ಐ' ಸಂಸ್ಥೆ ಇರುವುದು ಇಲ್ಲಿ. ಊರ ನಡುವಿನ 'ಗ್ರೀನ್' ಎಂಬ ಉದ್ಯಾನದಲ್ಲಿ ಮೋರಿಸ್ ಫ್ರಾಂಕ್ ಮತ್ತು ಅವನ ಜರ್ಮನ್ ಶೆಫರ್ಡ್ ಬಡ್ಡಿಯ ಪ್ರತಿಮೆಯಿದೆ. ದೃಷ್ಟಿ ಕಳೆದುಕೊಂಡಿದ್ದ ಈ ತರುಣ 1928ರಲ್ಲಿ ಸ್ವಿಟ್ಜರ್ಲೆಂಡಿಗೆ ಹೋಗಿ, ಡೊರೊತಿ ಯೂಸ್ಟಿಸ್ ಎಂಬ ಮಹಿಳೆಯ ಕೇಂದ್ರದಲ್ಲಿ ಬಡ್ಡಿಯೊಂದಿಗೆ ನಡೆಯುವುದನ್ನು ಕಲಿತ. ವಾಪಸು ಬಂದವನೇ ನ್ಯೂಯಾರ್ಕಿನಲ್ಲಿ ಪತ್ರಕರ್ತರ ಎದುರು ವಾಹನ ತುಂಬಿದ ರಸ್ತೆ ದಾಟಿ ತೋರಿಸಿದ. 1929ರಲ್ಲಿ ನ್ಯಾಶ್‌ವಿಲ್‌ನಲ್ಲಿ ಶುರುವಾದ ಶಾಲೆ, 1931ರಲ್ಲಿ ನ್ಯೂಜೆರ್ಸಿಗೆ ಬಂತು.

ಏಳೆಂಟು ವಾರದ ಮರಿಗಳನ್ನು ಸ್ವಯಂಸೇವಕ ಕುಟುಂಬಗಳು ವರ್ಷಕ್ಕೂ ಹೆಚ್ಚು ಕಾಲ ಸಾಕುತ್ತವೆ. ಆಮೇಲೆ ಸುಮಾರು ನಾಲ್ಕು ತಿಂಗಳು ತರಬೇತುದಾರರ ಜೊತೆ ಇದೇ ಊರಿನ ಬೀದಿಗಳಲ್ಲಿ ಪಾಠ. ಸಿಗ್ನಲ್ ದೀಪ ನೋಡಿ ನಾಯಿಯೇ ರಸ್ತೆ ದಾಟಿಸುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ವಾಹನಗಳ ಸದ್ದು ಆಲಿಸಿ 'ನಡಿ' ಅನ್ನುವುದು ಮನುಷ್ಯ. ಆ ಹೊತ್ತಿಗೆ ಕಾರೊಂದು ಬಂದುಬಿಟ್ಟರೆ ಮಾತು ಕೇಳದೆ ನಿಲ್ಲುವುದು ನಾಯಿಯ ಕೆಲಸ. ಯಾವಾಗ ಮಾತು ಕೇಳಬಾರದು ಅನ್ನುವುದೂ ಅದರ ಸಿಲಬಸ್ಸಿನಲ್ಲಿದೆ!

ಎಲ್ಲವೂ ಪಾಸಾಗುವುದಿಲ್ಲ. ಕೆಲವಕ್ಕೆ ಕೀಲಿನ ತೊಂದರೆ, ಕೆಲವಕ್ಕೆ ಸದ್ದಿನ ಭಯ. ಅಂಥವನ್ನು ಮೊದಲು ಸಾಕಿದ ಕುಟುಂಬಕ್ಕೇ ಕೇಳುತ್ತಾರೆ. ಕೆಲವಕ್ಕೆ ಪೊಲೀಸ್ ಇಲಾಖೆಯಂಥ ಕಡೆ ಬೇರೆ ಕೆಲಸ ಸಿಗುತ್ತದೆ. ಉಳಿದವು ನಮ್ಮಂಥವರಿಗೆ. ಅರ್ಜಿ ಹಾಕಿ ತುಂಬಾ ದಿನ ಕಾದ ಮೇಲೆ ನಮ್ಮ ಮನೆಗೆ ಒಟಿಸ್ ಬಂದ. ಎರಡು ವರ್ಷದ ಕಪ್ಪು ಲ್ಯಾಬ್ರಡಾರ್. ಎಲ್ಲದರಲ್ಲೂ ಜಾಣ, ಅಳಿಲು ಕಂಡರೆ ಮಾತ್ರ ಲೋಕವೇ ಮರೆತುಹೋಗುತ್ತದೆ.

ಆಗ ತಿಪಟೂರಿನಿಂದ ಅಪ್ಪ ಅಮ್ಮ ಬಂದಿದ್ದರು. ಅಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. "ಫೇಲಾಗಿರೋ ನಾಯಿನಾ? ಎಷ್ಟು ಸಬ್ಜೆಕ್ಟಲ್ಲಿ?" ಅಂತ ಕೇಳಿದರು. ಅಳಿಲಿನ ಕಥೆ ಹೇಳಿದೆ. "ರಾಮಾಯಣದ ಅಳಿಲು ಸೇವೆ ಮಾಡ್ತು. ಇಲ್ಲಿನ ಅಳಿಲು ಸೇವೆ ತಪ್ಪಿಸ್ತು" ಅಂತ ನಕ್ಕು, ಒಟಿಸ್‌ಗೆ 'ನೋಟೀಸು' ಅಂತ ಹೆಸರಿಟ್ಟರು.

ಅಪ್ಪ ನಕ್ಕಿದ್ದೇ ನಮಗೆ ದೊಡ್ಡದು. ಗ್ಲಾಕೋಮಾ ಅವರ ನೋಟವನ್ನು ಅಂಚಿನಿಂದ ತಿನ್ನುತ್ತಾ ಬಂದಿದೆ. ಎದುರಿಗಿದ್ದದ್ದು ಕಾಣುತ್ತದೆ, ಪಕ್ಕದ್ದು, ಕಾಲ ಬುಡದ್ದು ಕಾಣುವುದಿಲ್ಲ. ಊರಲ್ಲಿ ಸಂಜೆ ಕಲ್ಪತರು ಕಾಲೇಜಿನ ಕಡೆ ವಾಕಿಂಗ್ ಹೋಗುತ್ತಿದ್ದವರು, ಒಂದು ಸಲ ಚರಂಡಿ ಹತ್ತಿರ ಎಡವಿದ ಮೇಲೆ ಗೇಟು ದಾಟಿರಲಿಲ್ಲ. ಬಿಳಿ ಕೋಲಿನ ಮಾತೆತ್ತಿದರೆ, "ಊರವರು ಕುರುಡು ಮೇಷ್ಟ್ರು ಅಂತಾರೆ. ಬೇಡ" ಅಂತ ಎದ್ದು ಹೋಗುತ್ತಿದ್ದರು.

ಒಟಿಸ್ ಅವರಿಗೆ ದಾರಿ ತೋರುವ ನಾಯಿಯಲ್ಲ. ಅವನ ಹಗ್ಗ ನನ್ನ ಕೈಲೇ ಇರುತ್ತಿತ್ತು, ಅಪ್ಪ ನನ್ನ ತೋಳು ಹಿಡಿಯುತ್ತಿದ್ದರು. ಆದರೆ ಅವನಿಗೆ ದಿನಾ ವಾಕಿಂಗ್ ಬೇಕು, ಬಾಗಿಲ ಬಳಿ ನಿಂತು ಅಪ್ಪನನ್ನೇ ನೋಡುತ್ತಿದ್ದ. ಹಾಗಾಗಿ ಅಪ್ಪ ಹೊರಟರು.

ಒಂದು ಬೆಳಿಗ್ಗೆ ಮೋರಿಸ್‌ಟೌನಿನ ಸೌತ್ ಸ್ಟ್ರೀಟಿನಲ್ಲಿ ಹೆಂಗಸೊಬ್ಬರು ಶೆಫರ್ಡ್ ನಾಯಿಯ ಹಾರ್ನೆಸ್ ಹಿಡಿದು, ತಲೆಯೆತ್ತಿ, ನಮಗಿಂತ ಬಿರುಸಾಗಿ ನಡೆದು ಬಂದರು. ರಸ್ತೆಯಂಚಿನಲ್ಲಿ ನಿಂತರು, ಕಿವಿಗೊಟ್ಟರು, ನಾಯಿಗೆ ಏನೋ ಅಂದರು. ನಾಯಿ ಕದಲಲಿಲ್ಲ. ಸದ್ದಿಲ್ಲದ ಎಲೆಕ್ಟ್ರಿಕ್ ಕಾರೊಂದು ತಿರುವಿನಿಂದ ಬಂದು ಹಾದುಹೋಯಿತು. ಆಮೇಲೆ ಇಬ್ಬರೂ ದಾಟಿದರು.

"ಆಕೆಗೆ ಪೂರ್ತಿ ಕಾಣಲ್ವೇನೋ?" ಅಪ್ಪ ಕೇಳಿದರು.

"ಇರಬೇಕು ಅಪ್ಪ."

"ನಂಗಿನ್ನೂ ಅರ್ಧ ಕಾಣುತ್ತೆ" ಅಂದರು. ಮನೆ ಸೇರುವವರೆಗೆ ಬೇರೆ ಮಾತಾಡಲಿಲ್ಲ.

ವಾರ ಕಳೆದ ಮೇಲೆ, "ಮಡಚೋ ಕೋಲು ಸಿಗುತ್ತಂತಲ್ಲ, ಒಂದು ತರಿಸು" ಅಂದರು. ಈಗ ತಿಪಟೂರಿನಲ್ಲಿ ಅದನ್ನು ಹಿಡಿದೇ ಹಾಲು ತರಲು ಹೋಗುತ್ತಾರೆ. ಕಾಲೇಜಿನ ತನಕ ಇನ್ನೂ ಹೋಗಿಲ್ಲ. ಫೋನು ಮಾಡಿದಾಗ ಮೊದಲು ಕೇಳುವುದು, "ನೋಟೀಸು ಹೆಂಗಿದಾನೆ?"

ನೀವು ಈ ಕಡೆ ಬಂದರೆ, ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಿಂದ ಮೋರಿಸ್‌ಟೌನಿಗೆ ರೈಲಿದೆ. ಹಾರ್ನೆಸ್ ಹಾಕಿದ ನಾಯಿ ಕಂಡರೆ ಮುಟ್ಟಬೇಡಿ, ಕರೆಯಬೇಡಿ, ತಿಂಡಿ ಕೊಡಬೇಡಿ. ಅದು ಡ್ಯೂಟಿಯಲ್ಲಿರುತ್ತದೆ. ನಮ್ಮ ಒಟಿಸ್‌ಗೆ ಹಾರ್ನೆಸ್ ಇಲ್ಲ. ಅವನನ್ನು ಧಾರಾಳವಾಗಿ ಮುದ್ದು ಮಾಡಿ, ಹತ್ತಿರದಲ್ಲಿ ಅಳಿಲು ಇಲ್ಲದಿದ್ದರೆ.