ಶಿಳ್ಳೆಬಾತಿನ ಸಂಸಾರ

ಕೊಡಗಿನ ಕಾಫಿಯ ತೋಟಗಳಲ್ಲಿ ಕೆರೆಯನ್ನು ತೋಡುವುದು ಹಕ್ಕಿಗಳಿಗಾಗಿ ಅಲ್ಲ. ಫೆಬ್ರವರಿ ಮಾರ್ಚಿಗಳಲ್ಲಿ ಹೂಮಳೆ ತಪ್ಪಿದರೆ ರೊಬಸ್ಟ ಕಾಫಿಯ ಮೊಗ್ಗು ಅರಳದೆ ಬಾಡಿಹೋಗುವುದು. ಆಗ ತುಂತುರು ಹಾಯಿಸಲು ಬೇಕಾದ ನೀರನ್ನು ಹಿಂದಿನ ಮಳೆಗಾಲದಲ್ಲಿಯೇ ಕೂಡಿಡಬೇಕಾಗುತ್ತದೆ. ಆದುದರಿಂದ ಬೆಳೆಗಾರನ ಲೆಕ್ಕದಲ್ಲಿ ಕೆರೆಯೆಂದರೆ ಮುಂದಿನ ವರ್ಷದ ಫಸಲು. ಆದರೆ ಮನುಷ್ಯನು ಒಂದು ಪ್ರಯೋಜನವನ್ನೆಣಿಸಿ ಮಾಡಿದ ಕಾರ್ಯದಲ್ಲಿ ಪ್ರಕೃತಿಯು ತನ್ನ ಪಾಲನ್ನು ಕೇಳದೆಯೇ ತೆಗೆದುಕೊಳ್ಳುವುದುಂಟು. ಗದ್ದೆಗಳು ಅಲ್ಲಲ್ಲಿ ಪಾಳುಬಿದ್ದು, ಹಕ್ಕಿಗಳಿಗೆ ಮಳೆಗಾಲದ ನಿಂತ ನೀರು ಕಡಿಮೆಯಾಗುತ್ತಿರುವ ಈ ದಿನಗಳಲ್ಲಿ ಇಂತಹ ಕೆರೆಗಳು ಎಷ್ಟೋ ಜೀವಿಗಳಿಗೆ ತೌರುಮನೆಯಾಗಿವೆ.

ವಿರಾಜಪೇಟೆಗೂ ಸಿದ್ದಾಪುರಕ್ಕೂ ನಡುವೆ, ರಸ್ತೆಯಿಂದ ಬಹಳ ಒಳಗಿರುವ ಒಂದು ಮನೆಯ ಕೆಳಗಣ ಕೆರೆಯಲ್ಲಿ 2024ರ ಮಳೆಗಾಲದಲ್ಲಿ ನಡೆದ ಸಂಗತಿಯಿದು. ಮನೆಯ ಯಜಮಾನರು ಎಂಬತ್ತರ ಸಮೀಪಕ್ಕೆ ಬಂದವರು. ಗಂಡುಮಕ್ಕಳಿಬ್ಬರಲ್ಲಿ ಒಬ್ಬನು ಬೆಂಗಳೂರಿನಲ್ಲಿ, ಇನ್ನೊಬ್ಬನು ಕೆನಡಾದಲ್ಲಿ ನೆಲೆಸಿದ್ದಾರೆ. ಮನೆಯಲ್ಲಿ ಅವರ ಪತ್ನಿಯೂ, ವಿರಾಜಪೇಟೆಯಲ್ಲಿ ಉಪಾಧ್ಯಾಯಿನಿಯಾಗಿರುವ ಮಗಳೂ, ಆಕೆಯ ಎಂಟು ವರ್ಷದ ಮಗನೂ ಇದ್ದಾರೆ. ಜೂನ್ ತಿಂಗಳ ಮೂರನೆಯ ವಾರದಲ್ಲಿ, ಕೆರೆಯ ಏರಿಯ ಮೇಲಣ ಮುದಿ ಕಾಟುಮಾವಿನ ಮರದ ಪೊಟರೆಗೆ ಎರಡು ಹಕ್ಕಿಗಳು ಬಂದು ಹೋಗುತ್ತಿರುವುದನ್ನು ಮೊದಲು ಕಂಡವನು ಆ ಹುಡುಗನೇ.

ಅವು ಶಿಳ್ಳೆಬಾತುಗಳು. ಮನೆಯಲ್ಲಿ ಸಾಕುವ ಬಾತಿಗಿಂತ ಚಿಕ್ಕ ದೇಹ, ಕಂದುಗೆಂಪಿನ ಮೈ, ನೆತ್ತಿಯಲ್ಲಿ ಕಪ್ಪುಛಾಯೆ, ನೀಳವಾದ ಕೊರಳು. ಹಾರುವಾಗ ಎರಡು ಸ್ವರದ ಸಣ್ಣ ಶಿಳ್ಳೆಯನ್ನು ಹಾಕುವುದರಿಂದ ಆ ಹೆಸರು ಬಂದಿತು. ಹಗಲಿನಲ್ಲಿ ನೀರಿನ ಮೇಲೆಯೋ ಮರದ ಕೊಂಬೆಯ ಮೇಲೆಯೋ ತೂಕಡಿಸುತ್ತಿದ್ದು, ಕತ್ತಲಾದ ಮೇಲೆ ಗದ್ದೆಗಳಿಗೆ ಮೇಯಲು ಹೋಗುವುದು ಅವುಗಳ ವಾಡಿಕೆ. ಪಂಡಿತರಿಗೆ ಇಂತಹ ಹಕ್ಕಿಗಳ ಹೆಸರುಗಳು ಅಪರಿಚಿತವಲ್ಲ. ಕಾರಂಡವ, ಪ್ಲವ, ಮದ್ಗು ಎಂಬ ನೀರುಹಕ್ಕಿಗಳ ನಾಮಗಳನ್ನು ಅಮರಕೋಶದಲ್ಲಿ ಬಾಯಿಪಾಠ ಮಾಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಹೆಸರನ್ನು ಕಲಿತವರೆಲ್ಲರೂ ಹಕ್ಕಿಯನ್ನು ಕಂಡವರಲ್ಲ. ಹಕ್ಕಿಯನ್ನು ಕಂಡವರೆಲ್ಲರೂ ಅದರ ಸಂಸಾರವನ್ನು ಅರಿತವರಲ್ಲ.

ನಮ್ಮ ನಾಡಿನ ಕೆರೆಗಳಿಗೆ ಚಳಿಗಾಲದಲ್ಲಿ ಬರುವ ಬಾತುಗಳು ಬಹುಪಾಲು ಅತಿಥಿಗಳು. ಗದಗ ಜಿಲ್ಲೆಯ ಮಾಗಡಿ ಕೆರೆಗೂ, ನಂಜನಗೂಡಿನ ಬಳಿಯ ಹದಿನಾರು ಕೆರೆಗೂ ಇಳಿಯುವ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯದಾಚೆಯಿಂದ ಬಂದು, ಬೇಸಗೆಗೆ ಮೊದಲೇ ಮರಳಿ, ಟಿಬೆಟ್ಟು ಮಂಗೋಲಿಯಗಳಲ್ಲಿ ಮರಿಮಾಡುತ್ತವೆ. ಕವಿಗಳು ಹಾಡಿದ ಚಕ್ರವಾಕವೂ ಇಲ್ಲಿಗೆ ಚಳಿಗಾಲದ ನಂಟನೇ. ಶಿಳ್ಳೆಬಾತು ಹಾಗಲ್ಲ, ಅದು ಇಲ್ಲಿಯ ಒಕ್ಕಲು. ಮಳೆ ಹಿಡಿದು, ಗದ್ದೆಯಲ್ಲಿ ನೀರು ನಿಂತು, ಹುಳುಹುಪ್ಪಟೆಗಳೂ ಎಳೆಯ ಜೊಂಡೂ ಸಮೃದ್ಧವಾಗುವ ಕಾಲಕ್ಕೆ ಸರಿಯಾಗಿ ಅದು ಗೂಡನ್ನು ಹೂಡುತ್ತದೆ.

ಹುಡುಗನು ಮರವನ್ನು ಹತ್ತಿ ಮೊಟ್ಟೆಗಳನ್ನು ಎಣಿಸಬೇಕೆಂದು ಹಟಹಿಡಿದನು. ಯಜಮಾನರು ಬಿಡಲಿಲ್ಲ. ಬದಲಾಗಿ ಮನೆಯ ಹಿಂದಣ ಜಗಲಿಯ ಮೂಲೆಯಲ್ಲಿ ಒಂದು ಬೆಂಚನ್ನು ಹಾಕಿಸಿ, ಹಳೆಯ ದುರ್ಬೀನನ್ನು ಒರಸಿ ಅವನ ಕೈಗೆ ಕೊಟ್ಟರು. ಅಲ್ಲಿಂದ ಮುಂದೆ ಅಜ್ಜ ಮೊಮ್ಮಗ ಇಬ್ಬರಿಗೂ ಅದೇ ಪಾಠಶಾಲೆಯಾಯಿತು.

ಅವರು ಅಲ್ಲಿ ಕಲಿತ ಮೊದಲನೆಯ ಸಂಗತಿಯೆಂದರೆ, ಈ ಜಾತಿಯಲ್ಲಿ ಗಂಡುಹೆಣ್ಣುಗಳನ್ನು ಬಣ್ಣದಿಂದ ಗುರುತಿಸಲಾಗದು, ಕೆಲಸದಿಂದಲೂ ಗುರುತಿಸಲಾಗದು. ಎರಡೂ ಕಾವು ಕೊಡುತ್ತವೆ; ಎರಡೂ ಮರಿಗಳನ್ನು ಕಾಯುತ್ತವೆ. ಉತ್ತರದೇಶಗಳ ಅನೇಕ ಬಾತುಗಳಲ್ಲಿ ಹೆಣ್ಣು ಕಾವಿಗೆ ಕುಳಿತಮೇಲೆ ಬಣ್ಣಬಣ್ಣದ ಗಂಡು ಹೊರಟುಹೋಗುತ್ತದೆ. ಇದನ್ನು ಕೇಳಿದ ಗೃಹಿಣಿಯವರಿಗೆ ಮಹಾಭಾರತದ ಆದಿಪರ್ವದ ಶಾರ್ಙ್ಗಕಪಕ್ಷಿಗಳ ಕಥೆ ನೆನಪಾಯಿತು. ಮಂದಪಾಲನು ಜರಿತೆಯನ್ನೂ ನಾಲ್ಕು ಮರಿಗಳನ್ನೂ ಖಾಂಡವವನದಲ್ಲಿ ಬಿಟ್ಟು ಲಪಿತೆಯೊಡನೆ ಹೋದನಷ್ಟೆ. ಕಾಡಿಗೆ ಬೆಂಕಿ ಬಿದ್ದಾಗ ರೆಕ್ಕೆ ಬಲಿಯದ ಮರಿಗಳು ತಾವೇ ತಾಯಿಗೆ, “ನೀನು ಹಾರಿಹೋಗು, ನೀನು ಬದುಕಿದರೆ ಕುಲ ಉಳಿಯುವುದು” ಎಂದು ಬುದ್ಧಿ ಹೇಳಬೇಕಾಯಿತು. “ಈ ಮರದ ಯಜಮಾನ ಅಂಥವನಲ್ಲ” ಎಂದು ಆಕೆ ನಕ್ಕರು.

ಎರಡನೆಯ ಸಂಗತಿ, ಕಾಲದ ಲೆಕ್ಕ. ಶಿಳ್ಳೆಬಾತು ಏಳರಿಂದ ಹನ್ನೆರಡು ಮೊಟ್ಟೆಗಳವರೆಗೆ ಇಡುವುದುಂಟು. ದಿನಕ್ಕೊಂದರಂತೆ ಇಟ್ಟ ಮೊಟ್ಟೆಗಳು ಬೇರೆಬೇರೆ ದಿನಗಳಲ್ಲಿ ಒಡೆದರೆ ತಾಯ್ತಂದೆಗಳು ಮುಂದಿನವನ್ನು ನೋಡಲೋ ಹಿಂದಿನವನ್ನು ನೋಡಲೋ? ಆದುದರಿಂದ ಬಾತುಗಳು ಎಲ್ಲ ಮೊಟ್ಟೆಗಳನ್ನೂ ಇಟ್ಟು ಮುಗಿಸುವ ಹೊತ್ತಿಗೆ ಕಾವನ್ನು ಆರಂಭಿಸುತ್ತವೆ. ಸುಮಾರು ಮೂರು ವಾರ ಕಳೆದ ಬಳಿಕ ಮರಿಗಳೆಲ್ಲವೂ ಹೆಚ್ಚುಕಡಿಮೆ ಒಂದೇ ದಿನ ಹೊರಬರುತ್ತವೆ. ಜುಲೈ ತಿಂಗಳ ನಡುವೆ ಒಂದು ಬೆಳಗ್ಗೆ ಹಾಗೆಯೇ ಆಯಿತು. ತಾಯಿಯೋ ತಂದೆಯೋ ಮರದ ಬುಡದಲ್ಲಿ ನಿಂತು ಮೆಲ್ಲನೆ ಶಿಳ್ಳೆಯಿಟ್ಟಿತು. ಎರಡಾಳೆತ್ತರದ ಪೊಟರೆಯಿಂದ ಹತ್ತಿಯುಂಡೆಯಂತಹ ಮರಿಗಳು ಒಂದೊಂದಾಗಿ ತರಗೆಲೆಗಳ ಮೇಲೆ ಧುಮುಕಿದುವು. ಕಪ್ಪುಮೈಯ ಮೇಲೆ ಬಿಳಿಯ ಗೆರೆಗಳು. ಹುಡುಗನು ಎಣಿಸಿದನು: ಒಂಬತ್ತು. ಅರ್ಧ ಗಳಿಗೆಯೊಳಗೆ ಅವೆಲ್ಲವೂ ನೀರಿನ ಮೇಲಿದ್ದುವು.

ಎಣಿಕೆಯೆಂಬುದು ಸುಖದ ಕೆಲಸವೆಂದು ಹುಡುಗನು ಭಾವಿಸಿದ್ದನು. ಮೂರನೆಯ ದಿನ ಒಂದು ಹದ್ದು ಎರಗಿ ಎದ್ದಾಗ ಎಣಿಕೆ ಎಂಟಕ್ಕಿಳಿಯಿತು. ಅವನು ಅತ್ತನು, ಕೋವಿಯನ್ನು ಹಾರಿಸಿ ಹದ್ದನ್ನು ಓಡಿಸಬೇಕಿತ್ತೆಂದು ಅಜ್ಜನ ಮೇಲೆ ಮುನಿದನು. ಯಜಮಾನರು ಉತ್ತರ ಕೊಡಲಿಲ್ಲ. ಹದ್ದಿಗೂ ಎಲ್ಲಿಯೋ ಗೂಡಿರಬಹುದೆಂಬ ಮಾತು ಆ ಹೊತ್ತಿನಲ್ಲಿ ಮಗುವಿಗೆ ರುಚಿಸುವಂತಹುದಲ್ಲ.

ಅದಾದ ಕೆಲವು ದಿನಗಳಲ್ಲಿ ಮಳೆ ಬಲವಾಯಿತು. ಶಾಲೆಗಳಿಗೆ ರಜೆ ಸಾರಿದರು. 2018ರ ಆಗಸ್ಟಿನಲ್ಲಿ ಉತ್ತರ ಕೊಡಗಿನ ಗುಡ್ಡಗಳು ಕುಸಿದು ಮನೆಗಳನ್ನೂ ತೋಟಗಳನ್ನೂ ಎಳೆದುಕೊಂಡು ಹೋದುದನ್ನು ಕಂಡವರು, ಅಂತಹ ರಾತ್ರಿಗಳಲ್ಲಿ ಕೆರೆಯ ಏರಿಯನ್ನು ನೆನೆದು ನಿದ್ದೆಮಾಡಲಾರರು. ಯಜಮಾನರು ಕೊಡೆ ಹಿಡಿದು ಎರಡು ಸಲ ಹೋಗಿ ಬಂದರು. ಎರಡನೆಯ ಸಲ ಕೋಡಿಗೆ ಅಡ್ಡವಾಗಿ ಕಟ್ಟಿದ್ದ ಕಸಕಡ್ಡಿಯನ್ನು ತೆಗೆದು ನೀರನ್ನು ಧಾರಾಳವಾಗಿ ಹರಿಯಬಿಟ್ಟರು. ಏರಿ ಉಳಿಯಿತು. ಬೆಳಗಾದಾಗ ಕೆರೆಯಲ್ಲಿ ಮರಿಗಳು ಆರೇ ಇದ್ದುವು.

ಹುಡುಗನು ಕೋಡಿಯ ಕೆಳಗಿನ ಗದ್ದೆಯ ಬದುವಿನಲ್ಲಿ ಹುಡುಕಿ, ಹುಲ್ಲಿಗೆ ಸಿಕ್ಕಿ ನಡುಗುತ್ತಿದ್ದ ಒಂದು ಮರಿಯನ್ನು ಅಂಗಿಯೊಳಗೆ ಇಟ್ಟುಕೊಂಡು ಓಡಿಬಂದನು. ಅಡುಗೆಯ ಮನೆಯ ಒಲೆಯ ಬಳಿ, ಬಟ್ಟೆ ಹಾಸಿದ ಕುಕ್ಕೆಯಲ್ಲಿ ಅದಕ್ಕೆ ಆಶ್ರಯವಾಯಿತು. ಮೈ ಒಣಗಿದ ಮೇಲೆ ಅದು ತಲೆಯೆತ್ತಿ ಹುಡುಗನನ್ನು ನೋಡಿ ಪೀಗುಟ್ಟಿತು.

“ಅಜ್ಜ, ಇದನ್ನು ನಾವೇ ಸಾಕೋಣ. ಬಿಟ್ಟರೆ ಹದ್ದು ತಿನ್ನುತ್ತದೆ.”

“ಸಾಕಬಹುದು, ಮಗೂ. ಆದರೆ ಆಮೇಲೆ ಅದು ಬಾತಾಗುವುದಿಲ್ಲ. ನಿನ್ನ ಹಿಂದೆ ತಿರುಗುವ ಒಂದು ಜೀವವಾಗುತ್ತದೆ, ಅಷ್ಟೆ.”

ಈ ಮಾತಿನಲ್ಲಿ ಶಾಸ್ತ್ರದ ಆಧಾರವಿದೆ. ಆಸ್ಟ್ರಿಯ ದೇಶದ ಕಾನ್ರಾಡ್ ಲೊರೆನ್ಸ್ ಎಂಬ ವಿದ್ವಾಂಸರು, ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಗಳು ಮೊದಲು ಕಂಡ ಚಲಿಸುವ ವಸ್ತುವನ್ನೇ ತಾಯಿಯೆಂದು ಬಗೆದು ಅದನ್ನು ಹಿಂಬಾಲಿಸುವುವೆಂಬುದನ್ನು 1935ರಲ್ಲಿ ವಿವರಿಸಿ ಬರೆದರು; ಮರಿಗಳು ಅವರನ್ನೇ ಹಿಂಬಾಲಿಸಿದುವು. ಪ್ರಾಣಿಗಳ ನಡವಳಿಕೆಯ ಅಭ್ಯಾಸಕ್ಕಾಗಿ 1973ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಮೂವರಲ್ಲಿ ಅವರೂ ಒಬ್ಬರು. ಮೊದಲ ದಿನಗಳಲ್ಲಿ ಒತ್ತಿದ ಆ ಮುದ್ರೆ ಸುಲಭವಾಗಿ ಅಳಿಯದು. ಅಡುಗೆಯ ಮನೆಗೆ ಬಂದ ಮರಿಗೆ ತಾಯ್ತಂದೆಗಳ ಪರಿಚಯ ಆಗಲೇ ಆಗಿತ್ತು. ಆದರೆ ಆಹಾರವಿರುವೆಡೆಯನ್ನೂ ಹದ್ದಿನ ನೆರಳನ್ನೂ ಅದಕ್ಕೆ ಅವು ಕಲಿಸಬೇಕೇ ಹೊರತು ಮನುಷ್ಯನು ಕಲಿಸಲಾರನು.

ಹುಡುಗನು ಅನ್ನದ ಅಗುಳನ್ನು ಇಟ್ಟನು, ಮರಿ ಮುಟ್ಟಲಿಲ್ಲ. ಸಂಜೆ ಮಳೆ ಸಣ್ಣಗಾದಾಗ ಕೆರೆಯ ಕಡೆಯಿಂದ ಶಿಳ್ಳೆ ಕೇಳಿಸಿತು. ಕುಕ್ಕೆಯೊಳಗಿನ ಮರಿ ಒಡನೆಯೇ ಕೊರಳು ನೀಡಿ ಕೂಗತೊಡಗಿತು. ಅದನ್ನು ಕೇಳಿದ ಮೇಲೆ ಹುಡುಗನೇ ಕುಕ್ಕೆಯನ್ನು ಎತ್ತಿಕೊಂಡನು. ಜೊಂಡಿನ ಅಂಚಿನಲ್ಲಿ ಬಿಟ್ಟಾಗ ಅದು ಹಿಂತಿರುಗಿ ನೋಡಲಿಲ್ಲ. ಮರುದಿನದ ಎಣಿಕೆ ಏಳು.

ಆಟಿ ಹದಿನೆಂಟರಂದು, ಎಂದರೆ ಆಗಸ್ಟ್ ಮೊದಲಲ್ಲಿ, ಮದ್ದುಸೊಪ್ಪಿನ ನೇರಳೆಬಣ್ಣದ ಪಾಯಸವನ್ನು ಉಣ್ಣುವ ಹೊತ್ತಿಗೆ ಮರಿಗಳು ಆರಾಗಿದ್ದುವು. ನೀರೊಳಗಿನ ದೊಡ್ಡ ಮೀನೋ, ಉಡವೋ, ಕಾರಣ ತಿಳಿಯಲಿಲ್ಲ. ತಿಂಗಳ ನಡುವೆ ಮಳೆಗೆ ಬಿಡುವು ಬಂದಿತು. ಮೆಣಸಿನ ಬಳ್ಳಿಗೆ ಸೊರಗುರೋಗ ಹತ್ತದಂತೆ ಬೋರ್ಡೋ ದ್ರಾವಣವನ್ನು ಸಿಂಪಡಿಸಲು ಅದೇ ತಕ್ಕ ಸಮಯ. ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ 1885ರ ಸುಮಾರಿನಲ್ಲಿ ಕಂಡುಹಿಡಿದ ಈ ಮದ್ದಿನಲ್ಲಿ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬಳ್ಳಿಗೆ ಅದು ಅಮೃತ. ಆದರೆ ತಾಮ್ರದ ಅಂಶವು ನೀರಿಗೆ ಸೇರಿದರೆ ಮೀನಿಗೂ ನೀರುಹುಳುಗಳಿಗೂ ವಿಷ. ಅವುಗಳನ್ನು ತಿಂದು ಬೆಳೆಯುವ ಮರಿಗಳ ಗತಿಯೇನು? ಪೀಪಾಯಿಗಳನ್ನು ಕೆರೆಯ ಏರಿಯ ಮೇಲೆಯೇ ಇಟ್ಟು, ಮದ್ದನ್ನು ಅಲ್ಲಿಯೇ ಕಲಸಿ, ಕೆಲಸ ಮುಗಿದಮೇಲೆ ಅಲ್ಲಿಯೇ ತೊಳೆಯುವುದು ಆ ತೋಟದಲ್ಲಿ ಮೊದಲಿನಿಂದಲೂ ನಡೆದುಬಂದ ರೂಢಿಯಾಗಿತ್ತು. ಆ ವರ್ಷ ಯಜಮಾನರು ಪೀಪಾಯಿಗಳನ್ನು ದಿಣ್ಣೆಯ ಮೇಲಕ್ಕೆ ಸಾಗಿಸಿ, ನೀರನ್ನು ಕೊಳಾಯಿಯಲ್ಲಿ ಏರಿಸಿದರು. ಎರಡು ದಿನದ ಕೆಲಸ ನಾಲ್ಕು ದಿನವಾಯಿತು. ಕೂಲಿಯ ವೆಚ್ಚವೂ ಹೆಚ್ಚಿತು. ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡುಕಟ್ಟಿದ ಮರಗಳಿಂದ ಹುಣಿಸೆಯನ್ನು ಇಳಿಸದೆ ಬಿಡುವ ಗ್ರಾಮಸ್ಥರ ಮುಂದೆ ಇದೇನೂ ದೊಡ್ಡ ತ್ಯಾಗವಲ್ಲವೆಂದು ಅವರು ಲೆಕ್ಕದ ಪುಸ್ತಕವನ್ನು ಮುಚ್ಚಿದರು.

ಆದರೆ ಅವರ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವಿದ್ದಿತು. ಅದನ್ನು ಅವರು ಸೆಪ್ಟೆಂಬರ್ 3ರಂದು ಕೈಲ್‌ಮುಹೂರ್ತದ ಬೆಳಗ್ಗೆ ಪತ್ನಿಯೊಡನೆ ಮಾತ್ರ ಆಡಿದರು.

ನಾಟಿಯ ಕೆಲಸ ಮುಗಿದು ಆಯುಧಗಳನ್ನು ಪೂಜಿಸುವ ಹಬ್ಬವದು. ಕೋವಿಗೆ ಗಂಧವನ್ನಿಟ್ಟು, ನಳಿಗೆಗೆ ತೋಕ್ ಪೂವನ್ನು ಸಿಕ್ಕಿಸುವರು. ಈಗ ತೆಂಗಿನಕಾಯಿಗೆ ಗುರಿಯಿಡುವುದರಲ್ಲಿ ಹಬ್ಬವು ಮುಗಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ಮುಂಚೆ ಹಾಗಿರಲಿಲ್ಲ. ಅಂದಿನಿಂದಲೇ ಬೇಟೆಯ ಕಾಲ ಮೊದಲಾಗುತ್ತಿತ್ತು. ಇಪ್ಪತ್ತರ ಹರೆಯದ ಯಜಮಾನರು ಗೆಳೆಯರೊಡನೆ ಇದೇ ಗದ್ದೆಯ ಬಯಲಿನಲ್ಲಿ ಶಿಳ್ಳೆಬಾತುಗಳನ್ನು ಹೊಡೆದವರು. ಸಂಜೆ ಮನೆಗೆ ಬಂದರೆ ಹೊಸ್ತಿಲಲ್ಲಿ ತಾಯಿ ಕೇಳುತ್ತಿದ್ದ ಮಾತು ಒಂದೇ: “ಎಷ್ಟು?” ಮೂರು, ಐದು, ಒಮ್ಮೆ ಏಳು. ಹೆಮ್ಮೆಯ ಉತ್ತರಗಳು.

“ಈ ಹಕ್ಕಿ ಮರಿಗಳನ್ನು ಯಾವ ತಿಂಗಳವರೆಗೆ ಕಾಯುತ್ತದೆಂದು ಅಂದು ಯಾರಿಗೆ ಗೊತ್ತಿತ್ತು?” ಎಂದರು ಅವರು. “ಈ ಸಲ ಕುಳಿತು ನೋಡಿದಮೇಲೆ ದಿನಗಳನ್ನು ಎಣಿಸಿದೆ. ನಾವು ಕೋವಿ ಹಿಡಿದು ಹೊರಟ ದಿನಗಳಲ್ಲಿ ಮರಿಗಳಿಗೆ ರೆಕ್ಕೆ ಬಲಿಯುವುದರಲ್ಲಿರುತ್ತಿತ್ತು. ಹಾರಿದ್ದು ತಾಯಿ, ಬಿದ್ದದ್ದು ತಾಯಿ. ಜೊಂಡಿನಲ್ಲಿ ಉಳಿದವನ್ನು ನಾವು ಎಣಿಸಲೇ ಇಲ್ಲ.”

ಗೃಹಿಣಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೋವಿಗೆ ಹೂ ಇಟ್ಟಿದ್ದೇನೆ, ಪೂಜೆಗೆ ಬನ್ನಿ” ಎಂದರು.

ತಮ್ಮ ಮನೆಯ ತೆಂಗಿನಕಾಯಿಯನ್ನು ಯಜಮಾನರು ಕೆರೆಯಿಂದ ದೂರದ ದಿಣ್ಣೆಯಾಚೆ ಕಟ್ಟಿಸಿದ್ದರು. ಆದರೆ ನೆರೆಮನೆಗಳ ಕೋವಿಗಳು ಮಧ್ಯಾಹ್ನ ಒಂದರ ಹಿಂದೊಂದು ಮೊಳಗಿದುವು. ಅಜ್ಜನೂ ಮೊಮ್ಮಗನೂ ಏರಿಯ ಬಳಿಗೆ ಬರುವಷ್ಟರಲ್ಲಿ ಬಾತುಗಳು ಗಾಬರಿಗೊಂಡು ಶಿಳ್ಳೆಯಿಡುತ್ತ ಮೇಲೆದ್ದುವು. ಮರಿಗಳಿಗೆ ಆಗ ಸುಮಾರು ಏಳು ವಾರ. ನೀರಿನ ಮೇಲೆ ಓಡಿ ಓಡಿ, ಬೀಳುವಂತೆ ತೋರಿ, ಅವೂ ಎದ್ದುವು. ಕಾಫಿಯ ಮೇಲಿನ ನೆರಳುಮರಗಳ ತುದಿಯನ್ನು ದಾಟಿ ಒಂದು ಸುತ್ತು ಬಂದುವು.

“ನಾವು ಬಿಟ್ಟ ಮರಿ ಇದೆಯಾ, ಅಜ್ಜ? ಯಾವುದು?”

“ಗೊತ್ತಾಗುವುದಿಲ್ಲ, ಮಗೂ. ಗೊತ್ತಾಗದಿರುವುದೇ ಒಳ್ಳೆಯದು. ಗೊತ್ತಾಗಿದ್ದರೆ ಆ ಒಂದನ್ನೇ ನೋಡುತ್ತಿದ್ದೆವು.”

ಅವರು ಮನೆಗೆ ಹಿಂತಿರುಗಿದಾಗ ಗೃಹಿಣಿಯವರು ಹೊಸ್ತಿಲಲ್ಲಿ ನಿಂತಿದ್ದರು. ಅತ್ತೆಯವರ ಕಾಲದ ಪ್ರಶ್ನೆಯನ್ನೇ ಅವರು ಕೇಳಿದರು: “ಎಷ್ಟು?”

“ಏಳು” ಎಂದರು ಯಜಮಾನರು. “ದೊಡ್ಡವು ಎರಡು, ಮರಿಗಳು ಐದು. ಕತ್ತಲಾಗುವುದರೊಳಗೆ ಕೆರೆಗೆ ಇಳಿಯುತ್ತವೆ.”